ಹಾಸನದಿಂದ ಒಂದು ದಿನದ ರಾಜಧಾನಿ ನಡಿಗೆ: ಕಬ್ಬನ್ ಪಾರ್ಕೋ, ಲಾಲ್‌ಬಾಗೋ, ಹಳೇಬೀಡೋ?

ನಾಲ್ಕು ವರ್ಷಗಳ ಹಿಂದೆ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಆಸ್ಪತ್ರೆಗಲ್ಲ, ಮದುವೆಗಲ್ಲ, ಊರು ನೋಡುವುದಕ್ಕೆಂದೇ. ಬೆಳಗಿನ ಜಾವ ಹಾಸನ ಬಿಟ್ಟೆವು. ಹತ್ತು ಗಂಟೆಯಿಂದ ಸಂಜೆ ಐದರೊಳಗೆ ಮೂರು ವಸ್ತುಸಂಗ್ರಹಾಲಯ, ಎರಡು ಉದ್ಯಾನ, ಒಂದು ಅರಮನೆ ಮುಗಿಸಿದೆವು. ಒಂದರಿಂದ ಇನ್ನೊಂದಕ್ಕೆ ಆಟೋ. ವಾಪಸು ಬರುವಾಗ ಬಸ್ಸು ಕುಣಿಗಲ್ ದಾಟಿದ ಮೇಲೆ ಅಮ್ಮ ಮೆಲ್ಲಗೆ ಹೇಳಿದರು: "ಎಲ್ಲವನ್ನೂ ನೋಡಿದೆನಪ್ಪ, ಆದರೆ ಕಣ್ಣು ಮುಚ್ಚಿದರೆ ಒಂದೂ ಎದುರಿಗೆ ಬರುವುದಿಲ್ಲ." ಅವರ ಮಂಡಿನೋವು ಮೂರು ದಿನಕ್ಕೆ ಇಳಿಯಿತು. ಆ ಮಾತು ಮಾತ್ರ ನನ್ನೊಳಗೆ ಉಳಿಯಿತು.

ಅಲ್ಲಿಂದೀಚೆಗೆ ಅದೇ ಜಾಗಗಳಿಗೆ ಮತ್ತೆ ಮತ್ತೆ ಹೋಗಿದ್ದೇನೆ: ಒಬ್ಬನೇ, ಅಮ್ಮನ ಜೊತೆ, ಸಕಲೇಶಪುರದ ಅಕ್ಕನ ಮಕ್ಕಳ ಜೊತೆ. ಆಟೋ ಬಿಟ್ಟು ನಡೆದೇ ನೋಡಿದ್ದೇನೆ. ಹಾಸನ, ಚಿಕ್ಕಮಗಳೂರು ಕಡೆಯಿಂದ ಒಂದು ದಿನದ ಮಟ್ಟಿಗೆ ಹೋಗಿ ಬರಬೇಕೆನ್ನುವವರಿಗೆ ಈಗ ನಾನು ಧೈರ್ಯವಾಗಿ ದಾರಿ ಹೇಳಬಲ್ಲೆ. ಆದರೆ ಎಲ್ಲರಿಗೂ ಒಂದೇ ದಾರಿ ಹೇಳಲಾರೆ.

ವಸ್ತುಸಂಗ್ರಹಾಲಯದ ದಣಿವು ಬೇರೆ ಬಗೆಯದು. ಕಾಫಿ ತೋಟದಲ್ಲಿ ಮೂರು ಮೈಲಿ ಓಡಾಡಿದರೂ ಬಾರದ ಸೊಂಟನೋವು ಅಲ್ಲಿ ಅರ್ಧ ಗಂಟೆಗೆ ಬರುತ್ತದೆ. ಏಕೆಂದರೆ ಅಲ್ಲಿ ನಾವು ಸರಿಯಾಗಿ ನಡೆಯುವುದೂ ಇಲ್ಲ, ಕೂರುವುದೂ ಇಲ್ಲ; ಗಟ್ಟಿ ನೆಲದ ಮೇಲೆ ಎರಡು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆರಡು ಹೆಜ್ಜೆ. ಮುಕ್ಕಾಲು ಗಂಟೆ ಕಳೆದ ಮೇಲೆ ಕಣ್ಣು ಫಲಕವನ್ನು ಓದುತ್ತದೆ, ಮನಸ್ಸು ಓದುವುದಿಲ್ಲ. ಆಗ ಬೇಕಾದದ್ದು ಇನ್ನೊಂದು ಕೊಠಡಿಯಲ್ಲ, ಮರದ ಕೆಳಗೊಂದು ಬೆಂಚು. ಹಾಗಾಗಿ ಯಾವ ದಾರಿಯಲ್ಲಿ ಎಷ್ಟು ನೋಡಲು ಸಿಗುತ್ತದೆ ಎಂದು ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ. ಬಾಗಿಲಿನಿಂದ ನೆರಳಿಗೆ ಎಷ್ಟು ಹೆಜ್ಜೆ ಎಂಬುದೇ ನನ್ನ ಅಳತೆ. ಇಲ್ಲಿನ ಹೋಲಿಕೆಯೆಲ್ಲ ಆ ಅಳತೆಯಲ್ಲೇ ಇದೆ.

ಕಬ್ಬನ್ ಪಾರ್ಕ್ ಸುತ್ತು

ಆ ಅಳತೆಗೆ ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಕಸ್ತೂರ್ಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ, ಅದಕ್ಕೆ ಅಂಟಿಕೊಂಡಂತೆ ವೆಂಕಟಪ್ಪ ಚಿತ್ರಶಾಲೆ, ಪಕ್ಕದಲ್ಲೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ, ಮ್ಯಾಪ್ ಎಂದು ಕರೆಯುವ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ. ಒಂದರಿಂದ ಇನ್ನೊಂದಕ್ಕೆ ಕೆಲವೇ ನಿಮಿಷಗಳ ನಡಿಗೆ. ಬೆನ್ನಿಗೆ ಇಡೀ ಉದ್ಯಾನ.

ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ 1870ರಲ್ಲಿ ಈ ಉದ್ಯಾನವನ್ನು ರೂಪಿಸಿದರು. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ಅಧಿಕೃತ ಹೆಸರು ಬಂದರೂ ಜನರ ಬಾಯಲ್ಲಿ ಕಬ್ಬನ್ನೇ ಉಳಿಯಿತು. ವಸ್ತುಸಂಗ್ರಹಾಲಯ ಹುಟ್ಟಿದ್ದು 1865ರಲ್ಲಿ, ಈಗಿರುವ ಕೆಂಪು ಕಟ್ಟಡ 1877ರದು. ಅದೂ ಸ್ಯಾಂಕಿಯವರ ವಿನ್ಯಾಸವೇ. ಉದ್ಯಾನ ಮಾಡಿದವರೇ ಕಟ್ಟಡವನ್ನೂ ಯೋಚಿಸಿದ್ದರಿಂದಲೋ ಏನೋ, ಎರಡೂ ಒಂದಕ್ಕೊಂದು ಒಗ್ಗಿಕೊಂಡು ನಿಂತಿವೆ.

ಕಬ್ಬನ್ ಪಾರ್ಕ್ ಹೆಸರಿನ ಮೆಟ್ರೊ ನಿಲ್ದಾಣವೇ ಇದೆ. ಆದರೂ ನಾನು ಅದಕ್ಕಿಂತ ಒಂದು ನಿಲ್ದಾಣ ಮೊದಲೇ, ವಿಧಾನಸೌಧದ ಬಳಿ ಇಳಿಯುತ್ತೇನೆ. ಒಂದು ಬದಿಗೆ 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಬೂದು ಕಲ್ಲು, ಎದುರಿಗೆ 1868ರ ಅಠಾರ ಕಚೇರಿಯ ಕೆಂಪು. ಅಠಾರ ಎಂದರೆ ಹದಿನೆಂಟು. ಸಂಸ್ಥಾನದ ಹದಿನೆಂಟು ಇಲಾಖೆಗಳು ಅಲ್ಲಿದ್ದವು, ಈಗ ಅದು ಹೈಕೋರ್ಟ್. ಅದರ ಹಿಂಬದಿಯಿಂದ ಉದ್ಯಾನದೊಳಗೆ ಇಳಿದರೆ ಐದೇ ನಿಮಿಷದಲ್ಲಿ ವಾಹನಗಳ ಸದ್ದು ಹಿಂದೆ ಸರಿಯುತ್ತದೆ. ಬಿದಿರು ಮೆಳೆ, ಬಂಡೆ, ಮಳೆಮರ, ಆಮೇಲೆ ನಮ್ಮವರಿಗೆ ಥಟ್ಟನೆ ಗುರುತು ಸಿಗುವ ಸಿಲ್ವರ್ ಓಕ್. ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಲ್ಲುವ ಮರ ಇಲ್ಲಿ ಬಳ್ಳಿಯಿಲ್ಲದೆ ಬರಿಮೈಯಲ್ಲಿ ನಿಂತಿದೆ. ಅಮ್ಮ ಅದರ ಬುಡ ಮುಟ್ಟಿ, "ಇದಕ್ಕೆ ಯಾರೂ ಬಳ್ಳಿ ಹಬ್ಬಿಸಿಲ್ಲವಲ್ಲ" ಎಂದು ಮರುಗಿದರು. ಮುಂದೆ ರಾಜ್ಯ ಕೇಂದ್ರ ಗ್ರಂಥಾಲಯ ಇರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅದರ ಮುಂದೆ ಗುಲಾಬಿ ತೋಟ. ಅಲ್ಲಿ ಅರ್ಧ ಗಂಟೆ ಕೂರಬಹುದು. ಅಲ್ಲಿಂದ ಕಸ್ತೂರ್ಬಾ ರಸ್ತೆಗೆ ನೆರಳಿನಲ್ಲೇ ದಾರಿ.

ಸರ್ಕಾರಿ ವಸ್ತುಸಂಗ್ರಹಾಲಯದೊಳಗೆ ಹೊಯ್ಸಳ ಶಿಲ್ಪಗಳಿವೆ. ನಮ್ಮ ಹಳೇಬೀಡಿನಿಂದ ಬಂದವೂ ಅವುಗಳಲ್ಲಿ ಸೇರಿವೆ. ಆದರೆ ನಮ್ಮ ಕಡೆಯವರು ಅವುಗಳ ಮುಂದೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ; ಅವುಗಳ ಒಡಹುಟ್ಟಿದವರು ನಮ್ಮ ಮನೆ ಹತ್ತಿರವೇ ಬಿಸಿಲು ಗಾಳಿಯಲ್ಲಿ ನಿಂತಿದ್ದಾರೆ. ನಿಲ್ಲಬೇಕಾದದ್ದು ಆತಕೂರಿನ ಕಲ್ಲಿನ ಮುಂದೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ, ಸುಮಾರು ಕ್ರಿ.ಶ. 950ರ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನೂ ಗಂಗ ಬೂತುಗನೂ ಚೋಳರನ್ನು ಸೋಲಿಸಿದ ಕಾಲ. ಅಲ್ಲಿ ಕಾದಾಡಿದ ಮಣಲೇರನೆಂಬ ವೀರನಿಗೆ, ಮೆಚ್ಚಿದ್ದೇವೆ, ಬೇಕಾದ್ದನ್ನು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಮುಂದೆ ಕಾಡುಹಂದಿಯೊಂದಿಗೆ ಸೆಣಸಿ, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ನಾಯಿಗಾಗಿ ಮಣಲೇರ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಈ ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವ ಉಣ್ಣಬಾರದು ಎಂಬ ಕಟ್ಟುಪಾಡನ್ನೂ ಅದರಲ್ಲೇ ಬರೆಸಿದ.

ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಎದುರುಬದುರಾಗಿ ಮೇಲೆ ಬಿದ್ದಿವೆ. ಸುತ್ತಲೂ ಹಳಗನ್ನಡದ ಅಕ್ಷರಗಳು. ಎರಡನೇ ಸಲ ಹೋದಾಗ ಅಮ್ಮ ಆ ಕಲ್ಲಿನ ಮುಂದೆ ಕಾಲು ಗಂಟೆ ನಿಂತರು, ನಾನು ಕಥೆ ಹೇಳಿದೆ, ಅವರು ನಮ್ಮ ಮನೆಯಲ್ಲಿದ್ದ ಹಳೆಯ ನಾಯಿಯ ಹೆಸರು ಹೇಳಿ ಸುಮ್ಮನಾದರು. ಅಂದು ಆ ಕಟ್ಟಡದಲ್ಲಿ ಬೇರೇನನ್ನೂ ನೋಡಲಿಲ್ಲ. ಹೊರಗೆ ಬಂದು ಮರದಡಿ ಕುಳಿತು ಬುತ್ತಿ ಬಿಚ್ಚಿದೆವು. ಇವತ್ತಿಗೂ ಅಮ್ಮ ಬೆಂಗಳೂರು ಎಂದರೆ ಮೊದಲು ಹೇಳುವುದು ಆ ನಾಯಿಯನ್ನು.

ವೆಂಕಟಪ್ಪ ಚಿತ್ರಶಾಲೆ ಚಿಕ್ಕದು, ಆದ್ದರಿಂದಲೇ ನನಗೆ ಇಷ್ಟ. ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪ (1886–1965) ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಅವರ ಊಟಿಯ ಜಲವರ್ಣಗಳನ್ನು ಮಲೆನಾಡಿನವರು ನೋಡಲೇಬೇಕು. ಮಂಜು ಕಣಿವೆಯಿಂದ ಮೇಲೇಳುವ ಗಳಿಗೆಯನ್ನು, ಮಳೆ ಬಿಟ್ಟ ಮೇಲೆ ಗುಡ್ಡದ ಮೇಲೆ ಬೀಳುವ ಬೆಳಕನ್ನು ಅವರು ಹಿಡಿದಿರುವ ರೀತಿಯನ್ನು ಮುಳ್ಳಯ್ಯನಗಿರಿಯಲ್ಲೋ ಬಿಸಿಲೆ ಘಾಟಿಯಲ್ಲೋ ಬೆಳಗು ಕಂಡವರು ಸುಳ್ಳೆನ್ನಲಾರರು.

ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ 1965ರಿಂದ ಜನರಿಗೆ ತೆರೆದಿದೆ. ಇದು ಮಕ್ಕಳ ರಾಜ್ಯ. ಎಂಜಿನ್‌ಗಳು, ಗುಂಡಿ ಒತ್ತಿದರೆ ಚಲಿಸುವ ಮಾದರಿಗಳು, ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ. ಅಕ್ಕನ ಮಕ್ಕಳನ್ನು ಒಳಗೆ ಬಿಟ್ಟರೆ ಮೂರು ಗಂಟೆ ಹೊರಗೆ ಬರುವುದಿಲ್ಲ. ಮಕ್ಕಳಿದ್ದರೆ ಆ ದಿನ ಇದೊಂದೇ ಸಾಕು, ಉಳಿದ ಹೊತ್ತಿಗೆ ಬಾಲಭವನದ ಪುಟಾಣಿ ರೈಲು. ಮಕ್ಕಳೂ ಅಜ್ಜಿಯೂ ಜೊತೆಗಿದ್ದರೆ ಒಬ್ಬರು ಮಕ್ಕಳೊಂದಿಗೆ ಒಳಗೆ, ಇನ್ನೊಬ್ಬರು ಅಜ್ಜಿಯೊಂದಿಗೆ ಉದ್ಯಾನದಲ್ಲಿ. ಈ ಅನುಕೂಲ ಬೇರೆ ಯಾವ ದಾರಿಯಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ನಾಲ್ಕರಲ್ಲಿ ಎರಡು ಮಾತ್ರ ಆರಿಸಿಕೊಳ್ಳಿ. ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ಮ್ಯಾಪ್ ಸೋಮವಾರ ಮುಚ್ಚಿರುತ್ತವೆ. ಹಳೆಯ ಕಟ್ಟಡಗಳಾದ್ದರಿಂದ ದುರಸ್ತಿಗೆಂದು ಕೆಲವು ವಿಭಾಗಗಳಿಗೆ, ಕೆಲವೊಮ್ಮೆ ಇಡೀ ಕಟ್ಟಡಕ್ಕೇ ಬೀಗ ಬೀಳುವುದುಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳಿ. ನಾಲ್ಕು ಗಂಟೆ ಪ್ರಯಾಣ ಮಾಡಿ ಬಾಗಿಲಿನ ಫಲಕ ಓದಿ ಹಿಂತಿರುಗುವ ಸಂಕಟ ಬೇಡ. ಭಾನುವಾರ ಉದ್ಯಾನದೊಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಜನ ಹೆಚ್ಚಿದ್ದರೂ ವಯಸ್ಸಾದವರನ್ನು ಕರೆದೊಯ್ಯಲು ನನಗೆ ಭಾನುವಾರವೇ ಸಮಾಧಾನ. ಇನ್ನೊಂದು: ಜನವರಿ ಕೊನೆಯಿಂದ ಫೆಬ್ರುವರಿವರೆಗೆ ಟಬೆಬುಯಾ ಮರಗಳು ಎಲೆಯೆಲ್ಲ ಉದುರಿಸಿ ಗುಲಾಬಿ ಬಣ್ಣದಲ್ಲಿ ನಿಲ್ಲುತ್ತವೆ. ಅರೇಬಿಕಾ ಕೊಯ್ಲು ಮುಗಿಸಿ ಉಸಿರು ಬಿಡುವ ತೋಟದವರಿಗೆ ಹೇಳಿ ಮಾಡಿಸಿದ ಹೊತ್ತು.

ಲಾಲ್‌ಬಾಗ್ ಸುತ್ತು

ಇಲ್ಲಿ ಲೆಕ್ಕ ತಲೆಕೆಳಗು. ಉದ್ಯಾನವೇ ವಸ್ತುಸಂಗ್ರಹಾಲಯ. 1760ರಲ್ಲಿ ಹೈದರ್ ಅಲಿ ಆರಂಭಿಸಿ ಟಿಪ್ಪು ಬೆಳೆಸಿದ ತೋಟ ಈಗ 240 ಎಕರೆ. ದೇಶ ವಿದೇಶದ ಸಸಿಗಳನ್ನು ತಂದು ನೆಟ್ಟು, ಹೆಸರು ಬರೆದು, ಬೆಳೆಸಿ ನೋಡಿದ ಜಾಗ. 1908ರಿಂದ ಇಲ್ಲಿದ್ದ ಜರ್ಮನಿಯ ಕ್ರುಂಬಿಗಲ್, ಆಮೇಲೆ ಎಂ. ಎಚ್. ಮರಿಗೌಡರು, ಇವರೆಲ್ಲ ನಮ್ಮ ರಾಜ್ಯದ ತೋಟಗಾರಿಕೆಯನ್ನು ಇಲ್ಲಿ ಕೂತೇ ಕಟ್ಟಿದರು. ಗಿಡದ ಮೇಲೆ ಪ್ರೀತಿ ಇರುವವರಿಗೆ, ಮನೆ ಹಿತ್ತಲಲ್ಲಿ ಹೊಸ ಸಸಿ ನೆಟ್ಟರೆ ದಿನಕ್ಕೆರಡು ಸಲ ಹೋಗಿ ನೋಡುವವರಿಗೆ, ನಾನು ಕಣ್ಣು ಮುಚ್ಚಿ ಲಾಲ್‌ಬಾಗನ್ನೇ ಹೇಳುತ್ತೇನೆ.

ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ ಎನ್ನುವುದು ದೊಡ್ಡ ಲಾಭ. ಹಿಂದಿನ ರಾತ್ರಿಯೇ ಬೆಂಗಳೂರಿನ ನೆಂಟರ ಮನೆಗೆ ಬಂದವರು ವಸ್ತುಸಂಗ್ರಹಾಲಯಗಳು ಬಾಗಿಲು ತೆಗೆಯುವ ಹೊತ್ತಿಗೆ ಇಲ್ಲಿ ಅರ್ಧ ನಡಿಗೆ ಮುಗಿಸಿರುತ್ತಾರೆ. ಮೊದಲು ಬಂಡೆ ಹತ್ತಿ. ಮೇಲೆ ಕೆಂಪೇಗೌಡ ಗೋಪುರವಿದೆ, ಎಲ್ಲರೂ ಅದನ್ನೇ ನೋಡುತ್ತಾರೆ. ನೀವು ಕಾಲಡಿಯನ್ನು ನೋಡಿ. ಬಿಳಿ ಕಪ್ಪು ಪಟ್ಟೆಗಳು ಹಿಟ್ಟು ನಾದಿದಂತೆ ಸುತ್ತಿಕೊಂಡಿರುವ ಈ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು; ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ, ಮಧ್ಯಾಹ್ನಕ್ಕೆ ಎಲ್ಲವೂ ಬೂದು. ಆಮೇಲೆ ಕೆಳಗಿಳಿದು ಕೆರೆಯ ಕಡೆಗೆ ಹೋಗಿ ಬಿಳಿ ಬೂರುಗದ ಮರವನ್ನು ಕೇಳಿ ಹುಡುಕಿ. ಅದರ ಬೇರುಗಳು ನೆಲದಿಂದ ಗೋಡೆಗಳಂತೆ ಎದ್ದಿವೆ. ಎರಡು ಬೇರುಗಳ ನಡುವೆ ನಿಂತರೆ ಒಂದು ಕೋಣೆಯೊಳಗೆ ನಿಂತಂತೆ ಆಗುತ್ತದೆ. 1889ರಲ್ಲಿ ಅಡಿಪಾಯ ಹಾಕಿದ ಗಾಜಿನ ಮನೆ ಹೇಗೂ ದಾರಿಯಲ್ಲೇ ಸಿಗುತ್ತದೆ.

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ನಿಧಾನ ನಡಿಗೆಯ ಆಸೆ ಬಿಡಿ. ಆ ಜನಜಾತ್ರೆಯಲ್ಲಿ ನಾವು ನಡೆಯುವುದಿಲ್ಲ, ಜನ ನಮ್ಮನ್ನು ನಡೆಸುತ್ತಾರೆ. ಆದರೆ ಆಗಸ್ಟಿನಲ್ಲಿ ಪ್ರದರ್ಶನ ಮುಗಿದ ಮೇಲಿನ ವಾರ ಬಹಳ ಚೆನ್ನ. ನಮ್ಮಲ್ಲಿ ಮಳೆ ಸುರಿದು ತೋಟಕ್ಕೆ ಕಾಲಿಡಲಾಗದ ಹೊತ್ತು, ಅಲ್ಲಿ ತುಂತುರು ಮಾತ್ರ.

ಲಾಲ್‌ಬಾಗ್ ಸುತ್ತಿನ ಕೊರತೆ ಏನೆಂದರೆ ಸರಿಯಾದ ವಸ್ತುಸಂಗ್ರಹಾಲಯ ಬೇಕೆಂದರೆ ಗದ್ದಲದ ರಸ್ತೆಗೆ ಇಳಿಯಲೇಬೇಕು. ಹತ್ತಿರದ್ದು ಕೋಟೆಯ ಬಳಿಯ ಟಿಪ್ಪು ಬೇಸಿಗೆ ಅರಮನೆ. 1791ರಲ್ಲಿ ಮುಗಿದ, ತೇಗದ ಕಂಬಗಳ ಎರಡಂತಸ್ತಿನ ಮನೆ. ಒಳಗೆ ಪುಟ್ಟ ಸಂಗ್ರಹ. ಅರಮನೆ ಸೊಗಸಾಗಿದೆ, ದಾರಿ ಸೊಗಸಾಗಿಲ್ಲ. ಮಾರುಕಟ್ಟೆಯ ಕಡೆಯ ಆ ಎರಡು ಕಿಲೋಮೀಟರನ್ನು ಅಮ್ಮನ ಜೊತೆ ನಾನು ಮತ್ತೊಮ್ಮೆ ನಡೆಯಲಾರೆ. ಅದರ ಬದಲು ಲಾಲ್‌ಬಾಗ್ ರಸ್ತೆಯಲ್ಲಿ 1924ರಿಂದ ಇರುವ ಎಂಟಿಆರ್‌ನಲ್ಲಿ ರವೆ ಇಡ್ಲಿ ತಿಂದು, ಬಸವನಗುಡಿಯ ಕಡೆಗೆ ಹೊರಳಿ, ಬ್ಯೂಗಲ್ ರಾಕ್ ಉದ್ಯಾನದಲ್ಲಿ ಕೂತು, ದೊಡ್ಡ ಬಸವಣ್ಣನನ್ನು ನೋಡಿ, ಗಾಂಧಿಬಜಾರಿನ ಹೂವಿನ ಅಂಗಡಿಗಳ ನಡುವೆ ಸಂಜೆ ಕಳೆಯುವುದು ಉತ್ತಮ.

ಪ್ರಯಾಣದಲ್ಲೂ ಒಂದು ವ್ಯತ್ಯಾಸವಿದೆ. ಹಾಸನದ ಬಸ್ಸು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಬರುವಾಗ ಪಕ್ಕದಲ್ಲೇ ಮೆಟ್ರೊ ಹಸಿರು ಮಾರ್ಗ ಓಡುತ್ತದೆ. ಯಶವಂತಪುರದಲ್ಲಿ ಇಳಿಯುವ ರೈಲಿನವರಿಗೂ ಅದೇ ಮಾರ್ಗ. ಅದರಲ್ಲಿ ಕೂತರೆ ನೇರವಾಗಿ ಲಾಲ್‌ಬಾಗ್ ನಿಲ್ದಾಣ, ಇಳಿದರೆ ಪಶ್ಚಿಮ ದ್ವಾರ. ಕಬ್ಬನ್ ಪಾರ್ಕಿಗಾದರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಆ ನಿಲ್ದಾಣದ ಮೆಟ್ಟಿಲು, ಜನಸಂದಣಿ ವಯಸ್ಸಾದವರಿಗೆ ಸ್ವಲ್ಪ ಕಷ್ಟ. ಲಿಫ್ಟ್ ಎಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಿ.

ಚಿತ್ರ ನೋಡಲೆಂದೇ ಹೋಗುವವರಿಗೆ

ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ತೆರೆಯಿತು. ಹಳೆಯ ಬಂಗಲೆ, ಅದರ ಸುತ್ತ ಮುದಿ ಮರಗಳು, ಅವುಗಳ ಕೆಳಗೆ ಕೂರುವ ಜಾಗ. ನನ್ನ ಅಳತೆಯಲ್ಲಿ ಇದಕ್ಕೆ ಪೂರ್ಣ ಅಂಕ. ಅಲ್ಲಿಂದ ಸುಮಾರು ಇಪ್ಪತ್ತು ನಿಮಿಷ ನಡೆದರೆ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. ಅಲ್ಲಿನ ತೊಗಲುಗೊಂಬೆಗಳನ್ನು ತಪ್ಪಿಸಿಕೊಳ್ಳಬೇಡಿ. ಬೆಳಕು ತೂರಿಬರಲೆಂದು ಹದ ಮಾಡಿದ ಚರ್ಮದ ಮೇಲೆ ರಾಮನೂ ರಾವಣನೂ ಒಂದೇ ಕೆಂಪಿನಲ್ಲಿ ಹೊಳೆಯುತ್ತಾರೆ. ಕಲಾ ಶಾಲೆಗೆ ಸೇರಬೇಕೆನ್ನುವ ಮಕ್ಕಳಿದ್ದರೆ ಈ ದಾರಿ ಅವರದು. ಉಳಿದವರಿಗೆ ಮೊದಲ ಸಲಕ್ಕೆ ಬೇಡ. ಸೋಮವಾರ ಆಧುನಿಕ ಕಲಾ ಸಂಗ್ರಹಾಲಯಕ್ಕೂ ರಜೆ.

ಮೈಸೂರಿನ ಮಾತು

ಹಾಸನದಿಂದ ಮೈಸೂರು ಹತ್ತಿರ, 120 ಕಿಲೋಮೀಟರಿನೊಳಗೆ. ಅದೂ ರಾಜಧಾನಿಯೇ ಆಗಿತ್ತಲ್ಲ ಎನ್ನುವವರಿದ್ದಾರೆ. ನಿಜ. ಆದರೆ ನಡೆದು ನೋಡುವವರಿಗೆ ಮೈಸೂರು ಹರಡಿಕೊಂಡಿದೆ. ಅರಮನೆ, ಕರ್ಜನ್ ಪಾರ್ಕ್ ಮತ್ತು 1861ರ ಜಗನ್ಮೋಹನ ಅರಮನೆಯ ಕಲಾ ಸಂಗ್ರಹ, ಈ ಮೂರು ಕಾಲಳತೆಯಲ್ಲಿವೆ. ರೈಲ್ವೆ ವಸ್ತುಸಂಗ್ರಹಾಲಯ ಒಂದು ಮೂಲೆ, ಕಾರಂಜಿ ಕೆರೆ ಇನ್ನೊಂದು ಮೂಲೆ, ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ ಮತ್ತೊಂದು. ಅವಕ್ಕೆಲ್ಲ ಆಟೋ ಹಿಡಿಯಲೇಬೇಕು. ಆಟೋ ಹಿಡಿದ ಕೂಡಲೇ ಮನಸ್ಸು ಮುಂದಿನ ಜಾಗಕ್ಕೆ ಓಡುತ್ತದೆ. ಮೈಸೂರಿಗೆ ಎರಡು ದಿನ ಇಟ್ಟುಕೊಂಡು ಬೇರೆಯೇ ಹೋಗಿ.

ಹಳೇಬೀಡು, ನಮ್ಮದೇ ರಾಜಧಾನಿ

ಚಿಕ್ಕಮಗಳೂರಿನವರಿಗೆ ಬೆಂಗಳೂರು ಸುಮಾರು 245 ಕಿಲೋಮೀಟರ್. ಹೋಗಿ ಬರುವುದಕ್ಕೇ ಹತ್ತು ಗಂಟೆ ಮೀರುತ್ತದೆ. ಒಂದು ದಿನದಲ್ಲಿ ನಿಧಾನವಾಗಿ ನಡೆಯುತ್ತೇನೆ ಎನ್ನುವುದು ಆಗದ ಮಾತು. ಅವರಿಗೆ, ಮತ್ತು ದೂರದ ಬಸ್ಸು ಒಗ್ಗದ ಹಾಸನದವರಿಗೆ, ನಾನು ಹೇಳುವುದು ಹಳೇಬೀಡು. ನಗಬೇಡಿ, ಶಾಲೆಯ ಪ್ರವಾಸದಲ್ಲಿ ಮೂರು ಸಲ ನೋಡಿದ್ದೇವೆ ಎನ್ನಬೇಡಿ. ಶಾಲೆಯ ಪ್ರವಾಸದಲ್ಲಿ ನಾವು ನೋಡಿದ್ದು ಮುಂದೆ ಹೋಗುತ್ತಿದ್ದ ಸಾಲಿನ ಬೆನ್ನನ್ನು.

ಇದು ದೋರಸಮುದ್ರ. ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದು ಹೋಯಿತು, ಅದಾದ ಮೇಲೆ ತುಘಲಕ್ ಸೈನ್ಯವೂ ಬಂತು. ರಾಜಧಾನಿ ಹಾಳಾಗಿ ಹಳೆಯ ಬೀಡು ಎಂಬ ಹೆಸರಷ್ಟೇ ಉಳಿಯಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು ಮತ್ತು ಸೋಮನಾಥಪುರದ ಜೊತೆ ಇಲ್ಲಿನ ಹೊಯ್ಸಳೇಶ್ವರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಿದ್ದಾರೆ. ಆದರೂ ಅವರಲ್ಲಿ ಹೆಚ್ಚಿನವರು ದೇವಾಲಯ ಸುತ್ತಿ ಬೇಲೂರಿನ ಬಸ್ಸು ಹಿಡಿಯುತ್ತಾರೆ. ನಡೆಯುವ ದಾರಿ ಇರುವುದು ಅಲ್ಲಿಂದಾಚೆಗೆ.

ನಾನು ಹೀಗೆ ನಡೆಯುತ್ತೇನೆ. ಬೆಳಿಗ್ಗೆ ಎಂಟರ ಒಳಗೆ ಹೊಯ್ಸಳೇಶ್ವರ. ಹೊರಗೋಡೆಯನ್ನು ಪೂರ್ತಿ ಸುತ್ತುವುದಿಲ್ಲ. ಒಂದು ಮೂಲೆ ಆರಿಸಿಕೊಂಡು ಕೆಳಗಿನ ಆನೆಯ ಸಾಲಿನಿಂದ ಮೇಲಿನ ದೇವತೆಗಳವರೆಗೆ ಅದೊಂದನ್ನೇ ಓದುತ್ತೇನೆ. ಆಮೇಲೆ ಗರುಡಗಂಬ. ಇಮ್ಮಡಿ ಬಲ್ಲಾಳನ ಗರುಡ ಕುವರ ಲಕ್ಷ್ಮನ ನೆನಪಿನದು. ದೊರೆಗಾಗಿ ಪ್ರಾಣ ಕೊಡುತ್ತೇನೆಂದು ಭಾಷೆ ಕೊಟ್ಟವನು, ಹೆಂಡತಿ ಮತ್ತು ಜೊತೆಗಾರರೊಂದಿಗೆ ಭಾಷೆ ಉಳಿಸಿಕೊಂಡ. ಕಂಬದ ಮೇಲೆ ತಮ್ಮ ತಲೆ ತಾವೇ ಕಡಿದುಕೊಳ್ಳುವ ವೀರರನ್ನು ಕಾಣಬಹುದು. ಬೆಂಗಳೂರಿನ ಕಟ್ಟಡದೊಳಗೆ ನಾಯಿಗಾಗಿ ನಿಲ್ಲಿಸಿದ ಕಲ್ಲು, ಇಲ್ಲಿ ಬಯಲಿನಲ್ಲಿ ದೊರೆಗಾಗಿ ಸತ್ತವನ ಕಂಬ. ಎರಡನ್ನೂ ನೋಡಿದ ಮೇಲೆ ಒಂದು ಸಂಗತಿ ನನಗೆ ಗಟ್ಟಿಯಾಗಿ ಅನ್ನಿಸಿತು. ಆತಕೂರಿನ ಕಲ್ಲು ಸುರಕ್ಷಿತವಾಗಿದೆ, ಆದರೆ ಅದಕ್ಕೆ ಪೂಜೆ ಮಾಡಬೇಕಿದ್ದ ಗೊರವನೂ ಇಲ್ಲ, ಗುಡಿಯೂ ಪಕ್ಕದಲ್ಲಿಲ್ಲ, ಕಥೆಯನ್ನು ನಾವೇ ಹೊತ್ತುಕೊಂಡು ಹೋಗಬೇಕು. ಇಲ್ಲಿನ ಕಂಬಕ್ಕೆ ಮಳೆ ಬಡಿಯುತ್ತದೆ, ಆದರೆ ಅದು ಕಾಯುತ್ತಿದ್ದ ಜಾಗದಲ್ಲೇ ಇದೆ.

ದೇವಾಲಯದ ಆವರಣದಲ್ಲೇ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ. ಒಳಗೆ ಕೆಲವು, ಹೊರಗೆ ಹುಲ್ಲುಹಾಸಿನ ಮೇಲೆ ಸಾಲಾಗಿ ಹಲವು ಶಿಲ್ಪಗಳು. ದೇವಾಲಯದ ಗೋಡೆಯ ಮೇಲೆ ಕತ್ತೆತ್ತಿ ನೋಡಬೇಕಾದ್ದು ಇಲ್ಲಿ ಕಣ್ಣಳತೆಗೆ ಇಳಿದು ಬಂದಿದೆ. ಬಳಪದ ಕಲ್ಲಿನಲ್ಲಿ ಬೆರಳ ಉಂಗುರವನ್ನೂ ಬಿಡದೆ ಕೆತ್ತಿದ ಕೈಯನ್ನು ಇಷ್ಟು ಹತ್ತಿರದಿಂದ ನೋಡಲು ಗೋಡೆಯ ಬಳಿ ಆಗುವುದಿಲ್ಲ. ಶುಕ್ರವಾರ ಇದಕ್ಕೆ ರಜೆ, ನೆನಪಿಡಿ.

ಅಲ್ಲಿಂದ ಊರ ರಸ್ತೆಯಲ್ಲಿ ಸ್ವಲ್ಪ ನಡೆದರೆ ಬಸದಿಹಳ್ಳಿಯ ಮೂರು ಜೈನ ಬಸದಿಗಳು. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ವಿಷ್ಣುವರ್ಧನನ ಕೈ ಸೇರುವ ಹೊತ್ತಿಗೆ ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಆ ಸಂತೋಷಕ್ಕೆ ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟನಂತೆ. ಒಳಗಿನ ಕಂಬಗಳನ್ನು ಕಡಗೋಲಿನಂತೆ ತಿರುಗಿಸಿ ನುಣುಪು ಮಾಡಿದ್ದಾರೆ. ಕಪ್ಪು ಮೈಯಲ್ಲಿ ಬಾಗಿಲಿನ ಬೆಳಕು ಒಂದು ಗೆರೆಯಾಗಿ ನಿಲ್ಲುತ್ತದೆ, ಹತ್ತಿರ ಹೋದರೆ ನಮ್ಮ ಮುಖ ಉದ್ದವಾಗಿ ಮೂಡುತ್ತದೆ. ಅಕ್ಕನ ಚಿಕ್ಕ ಮಗಳು ಒಂದೊಂದು ಕಂಬದ ಮುಂದೂ ಹೋಗಿ ನಿಂತಳು. ಹೊರಗೆ ಹುಲ್ಲು, ಮೌನ, ನಾಲ್ಕೈದು ಮರ. ಕೂತು ಅಕ್ಕಿರೊಟ್ಟಿ ತಿಂದೆವು. ಇನ್ನೂ ಸ್ವಲ್ಪ ಮುಂದೆ ಇಮ್ಮಡಿ ಬಲ್ಲಾಳನ ಕಾಲದ ಕೇದಾರೇಶ್ವರ. ಅಲ್ಲಿಯೂ ಹುಲ್ಲುಹಾಸು, ಅಲ್ಲಿಯೂ ನಿಶ್ಶಬ್ದ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಹುಲಿಕೆರೆಯ ಕಲ್ಯಾಣಿ. ಮೆಟ್ಟಿಲ ಮೇಲೆ ಪುಟ್ಟ ಪುಟ್ಟ ಗುಡಿಗಳಿರುವ ಅದನ್ನು ವಯಸ್ಸಾದವರು ಮೇಲಿನಿಂದಲೇ ನೋಡಿದರೂ ಸಾಕು.

ಉದ್ಯಾನ ಎಂಬ ಲೆಕ್ಕದಲ್ಲಿ ಹಳೇಬೀಡು ಕಬ್ಬನ್ ಪಾರ್ಕಿಗೆ ಸಮವಲ್ಲ. ಹುಲ್ಲು ಚೆನ್ನಾಗಿದೆ, ನೆರಳು ಕಡಿಮೆ. ಹನ್ನೊಂದರ ಮೇಲೆ ದೇವಾಲಯದ ಜಗಲಿಯ ಕಲ್ಲು ಬರಿಗಾಲಿಗೆ ಸುಡುತ್ತದೆ. ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿಟ್ಟುಕೊಳ್ಳಿ. ಮಾರ್ಚ್, ಏಪ್ರಿಲ್ ಬಿಟ್ಟುಬಿಡಿ. ನವೆಂಬರಿನಿಂದ ಜನವರಿ ಸರಿಯಾದ ಕಾಲ. ಬೇಲೂರು ಇಲ್ಲಿಂದ ಹದಿನಾರೇ ಕಿಲೋಮೀಟರ್, ಅದನ್ನೂ ಮುಗಿಸಿಬಿಡೋಣ ಎಂಬ ಆಸೆ ಬಂದೇ ಬರುತ್ತದೆ. ಆ ಆಸೆಗೆ ಮಣಿದರೆ ಬಸದಿಗಳು ತಪ್ಪಿಹೋಗುತ್ತವೆ. 1117ರಿಂದ ನಿಂತಿರುವ ಚೆನ್ನಕೇಶವ ಇನ್ನೊಂದು ದಿನಕ್ಕೂ ಇರುತ್ತಾನೆ.

ಯಾರಿಗೆ ಯಾವುದು

ಹಾಸನದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 185 ಕಿಲೋಮೀಟರ್. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ರೈಲು ಮಾರ್ಗ ತೆರೆದ ಮೇಲೆ ಮಂಡಿನೋವಿನವರಿಗೆ ನಾನು ರೈಲನ್ನೇ ಹೇಳುತ್ತೇನೆ, ಎದ್ದು ಓಡಾಡಬಹುದು. ಹೇಗೆ ಹೋದರೂ ಊರೊಳಗೆ ನಿಮಗೆ ಸಿಗುವುದು ಐದಾರು ಗಂಟೆ. ಅಷ್ಟರಲ್ಲಿ ತಂದೆತಾಯಿಯರ ಜೊತೆ ಕಬ್ಬನ್ ಪಾರ್ಕ್, ಒಂದು ಕಟ್ಟಡ, ಒಂದು ಬುತ್ತಿ. ಮಕ್ಕಳಿದ್ದರೆ ವಿಶ್ವೇಶ್ವರಯ್ಯ ಮತ್ತು ಪುಟಾಣಿ ರೈಲು. ಗಿಡಮರದ ಹುಚ್ಚಿನವರಿಗೆ, ಮತ್ತು ಸೋಮವಾರ ಮಾತ್ರ ಬಿಡುವಿರುವವರಿಗೆ, ಲಾಲ್‌ಬಾಗ್. ಒಬ್ಬರೇ ಹೊರಟಿದ್ದರೆ, ಓದುವ ಅಭ್ಯಾಸವಿದ್ದರೆ, ಯಾರ ಅವಸರವೂ ಬೆನ್ನ ಹಿಂದಿಲ್ಲದಿದ್ದರೆ ಹಳೇಬೀಡಿಗೆ ಶುಕ್ರವಾರ ಬಿಟ್ಟು ಯಾವ ದಿನವಾದರೂ ಹೋಗಿ. ನನ್ನನ್ನೇ ಕೇಳಿದರೆ ಚಳಿಗಾಲದ ಬೆಳಗಿನಲ್ಲಿ ಬಸದಿಯ ಆ ಕಪ್ಪು ಕಂಬಗಳ ಮುಂದೆ ನಿಲ್ಲುವುದಕ್ಕೆ ಬೆಂಗಳೂರಿನ ಎರಡು ಸುತ್ತುಗಳನ್ನೂ ಬಿಟ್ಟುಕೊಡುತ್ತೇನೆ. ಅಮ್ಮ ಒಪ್ಪುವುದಿಲ್ಲ, ಅವರಿಗೆ ಬೆಂಚು ಬೇಕು.

ಇವುಗಳಲ್ಲಿ ಯಾವುದಕ್ಕೂ ಹೊರಡುವ ಮೊದಲು ಹಾಸನದವರು ಒಂದು ಸಂಜೆ ಮಹಾರಾಜ ಪಾರ್ಕಿಗೆ ಹೋಗಿ ಬನ್ನಿ. ಅದರೊಳಗೇ ಜಿಲ್ಲಾ ವಸ್ತುಸಂಗ್ರಹಾಲಯವಿದೆ. ಎಷ್ಟೋ ಜನ ಅದರ ಪಕ್ಕದಲ್ಲೇ ವರ್ಷಗಟ್ಟಲೆ ವಾಯುವಿಹಾರ ಮಾಡಿ ಒಳಗೆ ಕಾಲಿಟ್ಟಿಲ್ಲ. ನಿಮ್ಮವರು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ, ಎಷ್ಟು ಹೊತ್ತಿಗೆ ಕೂರುವ ಜಾಗ ಹುಡುಕುತ್ತಾರೆ ಎಂದು ನೋಡಿಕೊಳ್ಳಿ. ಅಮ್ಮನಿಗೆ ಅದು ನಲವತ್ತು ನಿಮಿಷ ಎಂದು ನನಗೆ ಗೊತ್ತಾದದ್ದು ಅಲ್ಲಿಯೇ.

ಈ ಫೆಬ್ರುವರಿಗೆ ಅವರು ಕೇಳಿರುವುದು ಬೂರುಗದ ಮರವನ್ನು. ಶನಿವಾರ ರಾತ್ರಿಯೇ ಹೋಗಿ ಮಲ್ಲೇಶ್ವರದ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಹಸಿರು ಮಾರ್ಗ, ಏಳೂವರೆಗೆ ಪಶ್ಚಿಮ ದ್ವಾರ. ಬಂಡೆ ಹತ್ತುವುದು ಬೇಡ ಎಂದು ನಾನು ಹೇಳಿದ್ದೇನೆ, ನೋಡೋಣ ಎಂದಿದ್ದಾರೆ.